ವಾರ್ಡಿನ ಶುಗರ್ ಅಂಕಿಗೆ ಹೊಣೆ ಯಾರು?

ರೌಂಡ್ಸ್‌ಗೆ ಬಂದ ಡಾಕ್ಟರು ‘ಜಿಆರ್‌ಬಿಎಸ್ ಎಷ್ಟು?’ ಎಂದು ಕೇಳುತ್ತಾರೆ, ಸಿಸ್ಟರ್ ಚಾರ್ಟ್ ನೋಡಿ ಒಂದು ಅಂಕಿ ಹೇಳುತ್ತಾರೆ. ಬೆರಳಿಗೆ ಚುಚ್ಚಿ, ಸ್ಟ್ರಿಪ್‌ಗೆ ಹನಿ ರಕ್ತ ತಾಗಿಸಿ, ಕೆಲವೇ ಸೆಕೆಂಡುಗಳಲ್ಲಿ ಸಿಕ್ಕ ಅಂಕಿ ಅದು. ಇನ್ಸುಲಿನ್ ನಾಲ್ಕು ಯೂನಿಟ್ಟೋ ಎಂಟೋ ಎಂಬುದು ಅದರ ಮೇಲೆಯೇ ನಿರ್ಧಾರವಾಗುತ್ತದೆ. ಅದೇ ರೋಗಿಯ ಸೋಡಿಯಂ, ಕ್ರಿಯಾಟಿನಿನ್ ವರದಿಗಳ ಕೆಳಗೆ ಲ್ಯಾಬ್‌ನವರ ಸಹಿ ಇರುತ್ತದೆ. ಶುಗರ್ ಅಂಕಿಯ ಪಕ್ಕದಲ್ಲಿ ಸಾಮಾನ್ಯವಾಗಿ ಇರುವುದು ಗಂಟೆ ಮಾತ್ರ. ಯಾವ ಯಂತ್ರ, ಯಾವ ಡಬ್ಬಿಯ ಸ್ಟ್ರಿಪ್, ಆ ಯಂತ್ರ ಸರಿಯಾಗಿದೆಯೇ ಎಂದು ಕೊನೆಯ ಸಲ ನೋಡಿದ್ದು ಯಾರು, ಯಾವಾಗ? ಈ ವಿವರ ಬಹಳಷ್ಟು ಕಡೆ ದಾಖಲಾಗುವುದೇ ಇಲ್ಲ.

ಹಾಸಿಗೆ ಪಕ್ಕದ ಪರೀಕ್ಷೆಯೇ ಬೇಡ ಎನ್ನುವುದು ಮೂರ್ಖತನ. ಪ್ರಜ್ಞೆ ತಪ್ಪಿ ಬಂದವರ ಶುಗರ್ ಇಳಿದಿದೆಯೇ ಎಂದು ತಿಳಿಯಲು ಲ್ಯಾಬ್ ವರದಿಗೆ ಕಾಯಲಾಗದು. ಲ್ಯಾಬ್ ಫಲಿತಾಂಶವೂ ಪ್ರಶ್ನಾತೀತವಲ್ಲ. ಸಾದಾ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಬೇರ್ಪಡಿಸದೆ ಇಟ್ಟರೆ ಕಣಗಳೇ ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಪ್ರಮಾಣ ಕುಸಿಯುತ್ತದೆ.

ತೊಡಕು ಬೇರೆ ಕಡೆ ಇದೆ. ಗ್ಲೂಕೋಮೀಟರ್‌ಗಳಿಗೆ ಅನ್ವಯವಾಗುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197, ಮಧುಮೇಹಿಗಳು ಮನೆಯಲ್ಲಿ ತಾವೇ ಪರೀಕ್ಷಿಸಿಕೊಳ್ಳುವ ಯಂತ್ರಗಳಿಗಾಗಿ ರೂಪುಗೊಂಡದ್ದು. ಅದರ 2013ರ ಆವೃತ್ತಿಯ ಪ್ರಕಾರ, 100 ಮಿ.ಗ್ರಾಂಗಿಂತ ಕೆಳಗಿನ ಫಲಿತಾಂಶಗಳಲ್ಲಿ 15 ಮಿ.ಗ್ರಾಂ, ಅದಕ್ಕೂ ಮೇಲಿನವುಗಳಲ್ಲಿ ಶೇ 15ರಷ್ಟು ಆಚೀಚೆ ಆಗಬಹುದು. ಅದೂ ನೂರರಲ್ಲಿ 95 ಸಲ ಹಾಗಿದ್ದರೆ ಸಾಕು. ಅಂದರೆ ರಕ್ತದಲ್ಲಿ 60 ಇದ್ದಾಗ ಪರದೆಯಲ್ಲಿ 75 ಕಂಡರೂ ಯಂತ್ರ ಪಾಸು. ಚಿಕಿತ್ಸೆ ಕೊಡಲೇಬೇಕಾದ ಗೆರೆ 70. ಮನೆಯಲ್ಲಿ ಓಡಾಡಿಕೊಂಡಿರುವವರು ಬೆವರು, ನಡುಕ ಕಂಡರೆ ಸಕ್ಕರೆ ಬಾಯಿಗೆ ಹಾಕಿಕೊಂಡಾರು. ವೆಂಟಿಲೇಟರ್ ಮೇಲಿರುವವರು ಬಾಯಿಬಿಟ್ಟು ಹೇಳಲಾರರು. ಅಮೆರಿಕದ ಎಫ್‌ಡಿಎ 2016ರಲ್ಲಿ ಮನೆಯ ಯಂತ್ರಕ್ಕೊಂದು, ಆಸ್ಪತ್ರೆಯ ಯಂತ್ರಕ್ಕೊಂದು ಎಂದು ಪ್ರತ್ಯೇಕ ಮಾರ್ಗಸೂಚಿ ತಂದು, ಆಸ್ಪತ್ರೆಯದಕ್ಕೆ ಅಂತರವನ್ನು ಶೇ 12ಕ್ಕೆ ಬಿಗಿಗೊಳಿಸಿತು. ನಮ್ಮಲ್ಲಿ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಯಂತ್ರವೇ ವಾರ್ಡಿಗೂ ಬಂದು ಕೂರುವುದು ಅಪರೂಪವಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಇರುವವರು ಯಾರು ಎಂದೂ ನೋಡಬೇಕು. ಸ್ಟ್ರಿಪ್‌ನ ಮೇಲಿನ ಕಿಣ್ವ ವರ್ತಿಸುವುದು ಪ್ಲಾಸ್ಮಾದಲ್ಲಿರುವ ಗ್ಲೂಕೋಸಿನ ಜೊತೆ. ಕೆಂಪುಕಣಗಳು ಅದಕ್ಕೆ ಅಡ್ಡ ಬರುತ್ತವೆ. ತೀವ್ರ ರಕ್ತಹೀನತೆಯಲ್ಲಿ ಕಣಗಳು ಕಡಿಮೆ, ಪ್ಲಾಸ್ಮಾ ಹೆಚ್ಚು: ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಡಯಾಲಿಸಿಸ್‌ಗೆ ಬರುವವರು ಈ ಗುಂಪಿನವರು. ಡೆಂಗಿಯಲ್ಲಿ ಪ್ಲಾಸ್ಮಾ ಸೋರಿ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಏರಿದಾಗ ಇದಕ್ಕೆ ವಿರುದ್ಧ, ಯಂತ್ರ ಕಡಿಮೆ ಹೇಳುತ್ತದೆ. ಪಿಸಿವಿ ಸಹಜವಾಗಿಯೇ ಹೆಚ್ಚಿರುವ ನವಜಾತ ಶಿಶುಗಳಲ್ಲೂ ಹೀಗೆ. ಎರಡೂ ತಪ್ಪೇ, ಆದರೆ ಸಮಾನ ತಪ್ಪಲ್ಲ. ಜಾಸ್ತಿ ತೋರಿಸಿದರೆ ಬೇಡದ ಇನ್ಸುಲಿನ್ ಒಳಹೋಗುತ್ತದೆ, ಶುಗರ್ ಕುಸಿದದ್ದು ಗೊತ್ತೇ ಆಗುವುದಿಲ್ಲ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿದೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಸೌಮ್ಯ ರಕ್ತಹೀನತೆಯಿಂದ ಅಂಕಿ ಅಷ್ಟೇನೂ ಕೆಡದು, ನಿಜ. ಪಿಸಿವಿಯನ್ನು ತಾವೇ ಅಳೆದು ಸರಿಪಡಿಸಿಕೊಳ್ಳುವ ಯಂತ್ರಗಳೂ ಬಂದಿವೆ. ವಾರ್ಡಿನಲ್ಲಿರುವುದು ಅಂಥದ್ದೇ ಎಂದು ಖರೀದಿ ಮಾಡಿದವರಿಗಾದರೂ ತಿಳಿದಿರಬೇಕಷ್ಟೆ. ಶಾಕ್‌ನಲ್ಲಿರುವ ರೋಗಿಯ ತಣ್ಣನೆಯ ಬೆರಳಿಗೆ ರಕ್ತವೇ ಸರಿಯಾಗಿ ಹರಿಯುತ್ತಿರುವುದಿಲ್ಲ. ಅಲ್ಲಿ ಚುಚ್ಚಿ ಪಡೆದ ಅಂಕಿಗೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅರ್ಥವಿಲ್ಲ.

ಇದು ಬರೀ ಪುಸ್ತಕದ ಭಯವಲ್ಲ. ಜಿಡಿಎಚ್-ಪಿಕ್ಯೂಕ್ಯೂ ಎಂಬ ಕಿಣ್ವದ ಸ್ಟ್ರಿಪ್‌ಗಳು ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಲೆಕ್ಕ ಹಾಕುತ್ತಿದ್ದವು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಳಸುವ ಐಕೋಡೆಕ್ಸ್‌ಟ್ರಿನ್ ದ್ರಾವಣ ದೇಹದಲ್ಲಿ ಮಾಲ್ಟೋಸ್ ಆಗುತ್ತದೆ. ಪರದೆಯ ಮೇಲೆ ಶುಗರ್ ಏರಿದೆ, ರೋಗಿಯ ರಕ್ತದಲ್ಲಿ ಪಾತಾಳಕ್ಕಿಳಿದಿದೆ! ಈ ತಪ್ಪು ಓದಿಗೆ ಸಂಬಂಧಿಸಿದ 13 ಸಾವುಗಳು 1997ರಿಂದ 2009ರ ನಡುವೆ ವರದಿಯಾದ ಮೇಲೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಐಸಿಯು ಚಿಕಿತ್ಸೆಯ ಚರಿತ್ರೆಯಲ್ಲೂ ಈ ಸಣ್ಣ ಯಂತ್ರದ ನೆರಳಿದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ, ಶುಗರನ್ನು ಬಿಗಿಯಾಗಿ ಹಿಡಿದರೆ ಐಸಿಯು ಸಾವು ಶೇ 8ರಿಂದ 4.6ಕ್ಕೆ ಇಳಿಯುತ್ತದೆ ಎಂದಿತು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ‘ನೈಸ್-ಶುಗರ್’ ಅಧ್ಯಯನ ಅದನ್ನು ತಿರುಗಿಸಿ ಹಾಕಿತು: ಬಿಗಿ ಹಿಡಿದವರಲ್ಲಿ ಶೇ 27.5, ಸಡಿಲ ಬಿಟ್ಟವರಲ್ಲಿ ಶೇ 24.9 ಸಾವು. ಲ್ಯೂವೆನ್‌ನವರು ಅಪಧಮನಿಯ ರಕ್ತವನ್ನು ನಿಖರ ಅನಲೈಸರ್‌ನಲ್ಲಿ ಅಳೆದಿದ್ದರು. ಎರಡನೆಯದರಲ್ಲಿ ಬಗೆಬಗೆಯ ಯಂತ್ರಗಳಿದ್ದವು. ವ್ಯತ್ಯಾಸಕ್ಕೆ ಅದೊಂದೇ ಕಾರಣ ಎಂದು ಸಿದ್ಧವಾಗಿಲ್ಲ, ಪೋಷಣೆಯ ಕ್ರಮವೂ ಬೇರೆಯಿತ್ತು. ಆದರೂ 81ರಿಂದ 108ರ ಕಿರಿದಾದ ಪಟ್ಟಿಯಲ್ಲಿ ರೋಗಿಯನ್ನು ಹಿಡಿದಿಡಲು ಹೊರಟವರು ಅಳತೆಗೋಲಿನ ಬಗ್ಗೆ ಮೊದಲೇ ತಕರಾರು ತೆಗೆಯಬೇಕಿತ್ತು.

ಉಳಿದ ತಪ್ಪುಗಳು ಕೈಯವು. ಸ್ಪಿರಿಟ್ ಒಣಗುವ ಮುಂಚೆ ಚುಚ್ಚುವುದು, ಹನಿ ಬರಲಿಲ್ಲವೆಂದು ಬೆರಳು ಹಿಂಡುವುದು, ಹಣ್ಣು ಸುಲಿದ ಕೈಯನ್ನು ತೊಳೆಸದಿರುವುದು, ಡೆಕ್ಸ್‌ಟ್ರೋಸ್ ಡ್ರಿಪ್ ಹೋಗುತ್ತಿರುವ ತೋಳಿನಿಂದಲೇ ರಕ್ತ ತೆಗೆಯುವುದು, ಕರಾವಳಿಯ ಆಷಾಢದ ಥಂಡಿಯಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಬಿಡುವುದು. ಇದಕ್ಕೆ ನರ್ಸ್‌ಗಳನ್ನು ದೂರುವುದು ಸುಲಭ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಳ್ಳುವ ಸಿಸ್ಟರ್‌ಗೆ ತರಬೇತಿ ಕೊಟ್ಟವರು ಯಾರು ಎಂದು ಮೊದಲು ಕೇಳಬೇಕು.

ಲ್ಯಾಬ್‌ನ ದೃಷ್ಟಿಯಲ್ಲಿ ಗ್ಲೂಕೋಮೀಟರ್ ವಾರ್ಡಿನ ಸಾಮಾನು. ವಾರ್ಡಿನ ದೃಷ್ಟಿಯಲ್ಲಿ ಅದು ಥರ್ಮಾಮೀಟರಿನಂಥ ಉಪಕರಣ. ಲ್ಯಾಬ್‌ಗಳ ಗುಣಮಟ್ಟದ ಐಎಸ್‌ಒ 15189 ಮಾನದಂಡ 2022ರ ಪರಿಷ್ಕರಣೆಯಲ್ಲಿ ಹಾಸಿಗೆ ಪಕ್ಕದ ಪರೀಕ್ಷೆಯನ್ನೂ ಒಳಗೆ ಸೇರಿಸಿಕೊಂಡಿದೆ. ಆದರೆ ಅದರ ಆಧಾರದಲ್ಲಿ ಲ್ಯಾಬ್‌ಗಳಿಗೆ ಸಿಗುವ ಎನ್‌ಎಬಿಎಲ್ ಮಾನ್ಯತೆ ನಮ್ಮಲ್ಲಿ ಐಚ್ಛಿಕ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಯೋಕೆಮಿಸ್ಟ್ರಿ ವಿಭಾಗ ಇದ್ದೇ ಇದೆ. ಆಸ್ಪತ್ರೆಯ ಪ್ರತಿ ಗ್ಲೂಕೋಮೀಟರ್‌ಗೂ ನಂಬರು ಕೊಟ್ಟು, ದಿನಕ್ಕೊಮ್ಮೆ ಕಂಟ್ರೋಲ್ ದ್ರಾವಣ ಹಾಕಿ ನೋಡಿ, ತಿಂಗಳಿಗೊಮ್ಮೆ ಲ್ಯಾಬ್ ಫಲಿತಾಂಶದೊಂದಿಗೆ ತಾಳೆ ಹಾಕುವ ಹೊಣೆಯನ್ನು ಆ ವಿಭಾಗಕ್ಕೆ ಲಿಖಿತವಾಗಿ ವಹಿಸಬಹುದು. ಐಸಿಯುನಲ್ಲಿ, ಶಾಕ್‌ನಲ್ಲಿ, ಪಿಸಿವಿ ತೀರಾ ಕಡಿಮೆ ಅಥವಾ ಹೆಚ್ಚಿದ್ದಾಗ ಬೆರಳಿನ ರಕ್ತ ಬೇಡ, ರಕ್ತನಾಳದ್ದೇ ಆಗಬೇಕು ಎಂಬ ಸೂಚನೆ ಚಾರ್ಟಿನ ತಲೆಯಲ್ಲೇ ಅಚ್ಚಾಗಿರಲಿ. ಇದಕ್ಕೆ ಹೊಸ ಕಟ್ಟಡವಾಗಲಿ, ವಿದೇಶಿ ಯಂತ್ರವಾಗಲಿ ಬೇಕಿಲ್ಲ. ಕಂಟ್ರೋಲ್ ದ್ರಾವಣದ ಬಾಟಲಿ, ಒಂದು ರಿಜಿಸ್ಟರ್, ಅದರಲ್ಲಿ ಸಹಿ ಹಾಕುವವರೊಬ್ಬರು ಬೇಕು.