ಯಂತ್ರ-ತಂತ್ರ: ಬೆಸುಗೆಯಿಲ್ಲದ ಬಿಗಿ

ಹಬ್ಬದ ದಿನ ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದು ತಡವಾದೀತು, ಅಷ್ಟೆ. ಉಗಿ ಬಾಯ್ಲರಿನ ನಳಿಕೆ ಸೋರಿದರೆ? ರೈಲು ನಿಂತೀತು, ಬಳಿಯಲ್ಲಿದ್ದವರ ಮೈ ಬೆಂದೀತು.

1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಸ್ಪರ್ಧೆ ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ ಬಾಯ್ಲರಿನಲ್ಲಿ 25 ತಾಮ್ರದ ನಳಿಕೆಗಳಿದ್ದವು. ನೀರಿಗೆ ಶಾಖ ಚೆನ್ನಾಗಿ ತಾಗಿತು. ಜೊತೆಗೆ ಸೋರಬಹುದಾದ 50 ತುದಿಗಳೂ ಬಂದವು! ಹಿಂದೆ ನಳಿಕೆಯ ಬಾಯಿಗೆ ಲೋಹದ ಬಳೆ ಬಡಿದು ಬಿಗಿ ಮಾಡುತ್ತಿದ್ದರು. ‘ಪ್ರಾಸರ್’ ಹೆಸರಿನ ಉಪಕರಣದಲ್ಲಿ, ಉಕ್ಕಿನ ಹೋಳುಗಳ ನಡುವೆ ಮೊನಚು ಗೂಟ ಹೊಡೆದರೆ ಅವು ಅಗಲವಾಗಿ ನಳಿಕೆಯನ್ನು ತೂತಿನ ಅಂಚಿಗೆ ಒತ್ತುತ್ತಿದ್ದವು. 1851ರಲ್ಲಿ ಹೈಡ್ರಾಲಿಕ್ ಜ್ಯಾಕಿಗೆ ಪೇಟೆಂಟ್ ಪಡೆದಿದ್ದ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್, ಸುತ್ತಿಗೆಯ ಬದಲು ಉರುಳೆಗಳನ್ನು ತಂದರು. ಗೂಟ ತಿರುಗಿಸಿದರೆ ಉರುಳೆಗಳು ನಳಿಕೆಯನ್ನು ಒಳಗಿನಿಂದ ಲಟ್ಟಿಸುತ್ತವೆ. ನಳಿಕೆ ಹಿಗ್ಗಿದಂತೆಯೇ ಉಳಿಯುತ್ತದೆ. ತುಸುವೇ ಹಿಗ್ಗಿದ ತಟ್ಟೆ ಹಿಂದಕ್ಕೆ ಸರಿದು ಅದನ್ನು ಅಪ್ಪಿ ಹಿಡಿಯುತ್ತದೆ.

ಕಡಿಮೆಯಾದರೆ ಸೋರಿಕೆ, ಅತಿಯಾದರೆ ನಳಿಕೆ ತೆಳುವಾಗಿ ಬಿರುಕು. ಇಂದು ಬಿಗಿ ಸಾಕಾದಾಗ ತಾನೇ ನಿಲ್ಲುವ ಮೋಟಾರುಗಳಿವೆ. ಅಂದು ಆ ಹದ ಕೆಲಸಗಾರನ ಕೈಯಲ್ಲೇ ಇತ್ತು. ಎಷ್ಟೋ ಜನರ ಜೀವವೂ ಅದೇ ಕೈಯಲ್ಲಿತ್ತು. ಹರಿಯದಂತೆ ಹೋಳಿಗೆ ಲಟ್ಟಿಸುವ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲವೇ?