ಎದುರಾಳಿಯ ನಾಲಿಗೆ, ಎದುರಾಳಿಯ ಅಂಕ

ಟಿವಿಯ ಅಡುಗೆ ಸ್ಪರ್ಧೆಯಲ್ಲಿ ರುಚಿ ನೋಡಿ ತೀರ್ಪು ಹೇಳಬೇಕಾದವರು ಯಾರು? ಕನ್ನಡದ ವಾಹಿನಿಗಳು ಈ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. 2025ರಲ್ಲಿ ಕಲರ್ಸ್ ಕನ್ನಡದಲ್ಲಿ ಬಂದ ‘ಕ್ವಾಟ್ಲೆ ಕಿಚನ್’ನಲ್ಲಿ ಅಡುಗೆ ಮಾಡುವವರ ಪಕ್ಕಕ್ಕೆ ಕೀಟಲೆ ಮಾಡುವವರನ್ನು ನಿಲ್ಲಿಸಿ ಬೇಕಾದಷ್ಟು ನಗಿಸಿದರು, ತೀರ್ಪನ್ನು ಮಾತ್ರ ನಟಿ ಶ್ರುತಿ ಮತ್ತು ಶೆಫ್ ಕೌಶಿಕ್ ಅವರಿಗೆ ಒಪ್ಪಿಸಿದ್ದರು. ಮಂಗಳೂರಿನಲ್ಲಿ ಜ್ಯೂಸ್ ಅಂಗಡಿ ನಡೆಸುತ್ತಿದ್ದ ಮೊಹಮ್ಮದ್ ಆಶಿಕ್ 2023ರ ಡಿಸೆಂಬರಿನಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದಾಗಲೂ ರುಚಿ ನೋಡಿದವರು ವಿಕಾಸ್ ಖನ್ನಾ, ರಣವೀರ್ ಬ್ರಾರ್, ಪೂಜಾ ಧಿಂಗ್ರಾ. ಆದರೆ ಸ್ಪರ್ಧಿಯೇ ಸ್ಪರ್ಧಿಯನ್ನು ತೂಗುವ ಪದ್ಧತಿ ನಮ್ಮ ವೀಕ್ಷಕರಿಗೆ ಹೊಸದೇನಲ್ಲ. ಬಿಗ್ ಬಾಸ್ ಮನೆಯಲ್ಲಿ ವಾರವಾರವೂ ಒಬ್ಬರನ್ನು ‘ಉತ್ತಮ’, ಇನ್ನೊಬ್ಬರನ್ನು ‘ಕಳಪೆ’ ಎಂದು ಆರಿಸುವವರು ಮನೆಯವರೇ. ಕಳಪೆ ಎನಿಸಿಕೊಂಡವರು ಜೈಲು ಸೇರಿ ರಾಗಿ ಗಂಜಿ ಕುಡಿಯುತ್ತಾರೆ. ಇದೇ ಪದ್ಧತಿ ಅಡುಗೆಮನೆಗೆ ಹೊಕ್ಕರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶಗಳಲ್ಲಿ ಪುರಾವೆ ಧಾರಾಳವಾಗಿದೆ. ಜೊತೆಗಾರರ ನಾಲಿಗೆಯಷ್ಟು ಒಳ್ಳೆಯ ಪರೀಕ್ಷಕ ಇನ್ನೊಂದಿಲ್ಲ, ಆದರೆ ಗೆಲುವಿನ ಪಾಲುದಾರರಾಗಿರುವವರೆಗೆ ಅವರ ಅಂಕಕ್ಕೆ ಬೆಲೆಯಿಲ್ಲ ಎಂಬುದು ನನ್ನ ವಾದ.

ಮೊದಲು ನಾಲಿಗೆಯ ಮಾತು. ಒಲೆಯ ಮುಂದೆ ನಿಂತವರಿಗೆ ಮಾತ್ರ ಕಾಣುವ ಸಂಗತಿಗಳಿವೆ. ಒಂದೆಳೆ ಪಾಕ ಎರಡೆಳೆಗೆ ಜಾರಲು ಎಷ್ಟು ಹೊತ್ತು ಸಾಕು, ಕಣಕ ಬಿಗಿಯಾದರೆ ಹೂರಣ ಯಾವ ಕಡೆಯಿಂದ ಒಡೆದು ಬರುತ್ತದೆ, ಗಡಿಯಾರ ನೋಡಿಕೊಂಡು ಕುದಿಸಿದ ಸಾರಿನಲ್ಲಿ ಬೇಳೆಯ ಹಸಿವಾಸನೆ ಎಲ್ಲಿ ಉಳಿಯುತ್ತದೆ — ಇವನ್ನು ತಟ್ಟೆಯಲ್ಲಿ ಕಂಡುಹಿಡಿಯಲು ಪಂಚತಾರಾ ಹೋಟೆಲಿನ ಅನುಭವ ಬೇಕಿಲ್ಲ. ಅದೇ ಹೊತ್ತಿನಲ್ಲಿ, ಅದೇ ಸಾಮಾನಿನಲ್ಲಿ ಅದೇ ಕಷ್ಟ ಪಟ್ಟಿರಬೇಕು. ನಳನ ಕಥೆಯಲ್ಲಿ ಬಾಹುಕನ ಕುರೂಪದೊಳಗೆ ಗಂಡನನ್ನು ಗುರುತಿಸಲು ದಮಯಂತಿಗೆ ಅವನು ಬೇಯಿಸಿದ್ದರ ಒಂದು ತುತ್ತು ನೆರವಾಯಿತು. ಆ ಕೈರುಚಿಯನ್ನು ಮೊದಲೇ ಬಲ್ಲವಳಾದ್ದರಿಂದ ಅದು ಅವಳಿಂದ ಆಯಿತು. ಹಾಗಾಗಿ ಸ್ಪರ್ಧಿಗಳಿಗೆ ತೀರ್ಪಿನ ಯೋಗ್ಯತೆಯೇ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಯೋಗ್ಯತೆ ಇದೆ, ತೊಡಕಿರುವುದು ಅದು ಅಂಕವಾಗಿ ಮಾರ್ಪಡುವ ದಾರಿಯಲ್ಲಿ.

ಬ್ರಿಟನ್ನಿನ ಚಾನೆಲ್ 4ರಲ್ಲಿ 2005ರಲ್ಲಿ ಶುರುವಾದ ‘ಕಮ್ ಡೈನ್ ವಿತ್ ಮಿ’ಯಲ್ಲಿ ಪರಸ್ಪರ ಪರಿಚಯವಿಲ್ಲದವರು ಸರದಿಯಂತೆ ಒಬ್ಬರನ್ನೊಬ್ಬರು ಊಟಕ್ಕೆ ಕರೆಯುತ್ತಾರೆ. ಉಂಡವರು ಮನೆಗೆ ಮರಳುವ ಟ್ಯಾಕ್ಸಿಯಲ್ಲಿ ಕುಳಿತು 10ಕ್ಕೆ ಇಷ್ಟೆಂದು ಅಂಕ ಹೇಳುತ್ತಾರೆ. ಹೆಚ್ಚು ಗಳಿಸಿದವರಿಗೆ ಸಾವಿರ ಪೌಂಡ್. ನಾಲ್ವರು ಅತಿಥಿಗಳಿದ್ದಾರೆ ಎಂದುಕೊಳ್ಳಿ. ಮೂವರು 8 ಕೊಟ್ಟ ಊಟಕ್ಕೆ ನಾಲ್ಕನೆಯವರು 4 ಕೊಟ್ಟರೆ 32 ಇರಬೇಕಾದ ಮೊತ್ತ 28ಕ್ಕೆ ಇಳಿಯುತ್ತದೆ, ಎಲ್ಲರೂ ಸಾಧಾರಣವೆಂದು 7 ಕೊಟ್ಟ ಇನ್ನೊಬ್ಬರ ಊಟ ಅದಕ್ಕೆ ಸರಿಗಟ್ಟುತ್ತದೆ. ಒಂದು ನಾಲಿಗೆಯ ಒಂದು ಸುಳ್ಳು ಸಾಕು. ಆಸ್ಟ್ರೇಲಿಯಾದಲ್ಲಿ 2010ರಿಂದ ಬಂದ ‘ಮೈ ಕಿಚನ್ ರೂಲ್ಸ್’ ಈ ಅಪಾಯವನ್ನು ಅರಿತೇ ಲೆಕ್ಕ ಹಾಕಿದಂತಿತ್ತು. ಹಲವು ಸೀಸನ್‌ಗಳಲ್ಲಿ ಐದು ಎದುರಾಳಿ ತಂಡಗಳ ಕೈಯಲ್ಲಿ ಒಟ್ಟು 50 ಅಂಕ, ಇಬ್ಬರು ತೀರ್ಪುಗಾರರ ಕೈಯಲ್ಲಿ ಮೂರು ಬಗೆಯ ತಿನಿಸಿಗೆ ಸೇರಿ 60, ಒಟ್ಟು 110. ಕಾಗದದ ಮೇಲೆ ಪರಿಣತರದೇ ಮೇಲುಗೈ. ಆದರೂ ಬೇಕೆಂದೇ ಕಡಿಮೆ ಅಂಕ ಕೊಡುವ ತಂಡಗಳ ಜಗಳ ಆ ಕಾರ್ಯಕ್ರಮದ ಬೆನ್ನು ಬಿಡಲಿಲ್ಲ. ಕಾರಣ ಸರಳ. ಯಾರ ಕೈಯಲ್ಲಿ ಎಷ್ಟು ಅಂಕವಿದೆ ಎಂಬುದಕ್ಕಿಂತ ಯಾರ ಅಂಕ ಎಷ್ಟು ಏರಿಳಿಯುತ್ತದೆ ಎಂಬುದು ಫಲಿತಾಂಶವನ್ನು ಆಳುತ್ತದೆ. ಪರಿಣತರು ಮೂರು ತಂಡಗಳಿಗೆ 34, 35, 36 ಎಂದು ಹತ್ತಿರಹತ್ತಿರ ಕೊಟ್ಟರೆ, ಒಂದು ಎದುರಾಳಿ ತಂಡ 6ರ ಬದಲು 3 ಕೊಟ್ಟಿದ್ದೇ ಉಳಿಯುವವರನ್ನೂ ಹೊರಹೋಗುವವರನ್ನೂ ಅದಲುಬದಲು ಮಾಡುತ್ತದೆ.

ಇದನ್ನು ಸ್ಪರ್ಧಿಗಳ ಕೆಟ್ಟತನವೆಂದು ಬೈಯುವುದು ಸುಲಭ, ವಾಹಿನಿಗೆ ಲಾಭವೂ ಹೌದು. ಆದರೆ ಕೆಟ್ಟತನ ನಿಯಮದ್ದು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಬೋರ್ಡಾ ಅಭ್ಯರ್ಥಿಗಳನ್ನು ಕ್ರಮವಾಗಿ ಜೋಡಿಸಿ ಅಂಕ ಕೊಡುವ ಚುನಾವಣಾ ಪದ್ಧತಿಯನ್ನು ರೂಪಿಸಿದ. ಬೇಕೆಂದೇ ಪ್ರಬಲ ಎದುರಾಳಿಯನ್ನು ಕೊನೆಗೆ ತಳ್ಳಿದರೆ ಏನು ಗತಿ ಎಂದು ಕೇಳಿದಾಗ, ತನ್ನ ಪದ್ಧತಿ ಪ್ರಾಮಾಣಿಕರಿಗೆ ಮಾತ್ರ ಎಂದನೆಂಬ ಮಾತಿದೆ. 1973ರಲ್ಲಿ ಗಿಬ್ಬಾರ್ಡ್, 1975ರಲ್ಲಿ ಸ್ಯಾಟರ್ತ್‌ವೇಟ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಸಾಧಿಸಿ ತೋರಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಗೆಲ್ಲಬಲ್ಲವರು ಮೂವರು ಅಥವಾ ಹೆಚ್ಚು ಇದ್ದಾಗ, ಒಬ್ಬನೇ ಎಲ್ಲವನ್ನೂ ನಿರ್ಧರಿಸುವ ಪದ್ಧತಿಯ ಹೊರತು, ಆದ್ಯತೆಯ ಕ್ರಮ ಬರೆಯುವ ಯಾವ ಮತದಾನದಲ್ಲೂ ಮನಸ್ಸಿನ ನಿಜ ಮುಚ್ಚಿಟ್ಟು ಲಾಭ ಪಡೆಯುವ ಸಂದರ್ಭ ಇದ್ದೇ ಇರುತ್ತದೆ. ಅಡುಗೆ ಸ್ಪರ್ಧೆಯಲ್ಲಿ ಈ ಲಾಭಕ್ಕೆ ಒಂದು ವಿಶೇಷ ಗುಣವಿದೆ. ಅದು ಎಲ್ಲರನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ, ಎಲ್ಲರಿಗಿಂತ ಚೆನ್ನಾಗಿ ಅಡುಗೆ ಮಾಡುವವರ ವಿರುದ್ಧ. ಸಪ್ಪೆ ಸಾಂಬಾರಿಗೆ ಉದಾರವಾಗಿ 7 ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಅಡುಗೆಯಲ್ಲಿ ಎತ್ತಿದ ಕೈ ಯಾರದೋ ಅವರಿಗೇ ಪೆಟ್ಟು. ಹೀಗೆ ನಡುಮಟ್ಟದವರು ವಾರದಿಂದ ವಾರಕ್ಕೆ ದಾಟುತ್ತ ಹೋಗುತ್ತಾರೆ.

ಪರಿಣತರೇನು ಪಕ್ಷಪಾತಕ್ಕೆ ಹೊರತೇ ಎಂಬ ಆಕ್ಷೇಪಕ್ಕೆ ತೂಕವಿದೆ. 2023ರಲ್ಲಿ ಪ್ರಸಾರವಾದ ಮಾಸ್ಟರ್‌ಶೆಫ್ ಇಂಡಿಯಾದ ಏಳನೆಯ ಸೀಸನ್‌ನಲ್ಲಿ ಉಳಿದವರು ಮೀನು ಬೇಯಿಸಬೇಕಾದ ಸುತ್ತಿನಲ್ಲಿ ಒಬ್ಬ ಸಸ್ಯಾಹಾರಿ ಸ್ಪರ್ಧಿಗೆ ಪನೀರ್ ಕೊಟ್ಟಾಗ ವೀಕ್ಷಕರು ತೀರ್ಪುಗಾರರ ಮೇಲೆ ಮುಗಿಬಿದ್ದರು. ಆದರೆ ಆ ಸಿಟ್ಟಿಗೆ ಒಂದು ವಿಳಾಸವಿತ್ತು: ನಿರ್ಧಾರ ಕಣ್ಣಿಗೆ ಕಂಡಿತು, ಪ್ರಶ್ನೆ ಕೇಳಲು ಬಂತು. ಟ್ಯಾಕ್ಸಿಯಲ್ಲಿ ಕುಳಿತು ‘ಉಪ್ಪು ಸ್ವಲ್ಪ ಮುಂದು’ ಎಂದು 4 ಕೊಟ್ಟವರನ್ನು ಏನೆಂದು ಕೇಳುವುದು? ಈ ವಿಷಯದಲ್ಲಿ ಬಿಗ್ ಬಾಸ್ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಬೇಕು. ಅಲ್ಲಿ ಕಳಪೆ ಎನ್ನಲು ಎಲ್ಲರೆದುರು ಕಾರಣ ಕೊಡಬೇಕು, ವಾರಾಂತ್ಯದಲ್ಲಿ ನಿರೂಪಕ ಸುದೀಪ್ ಆ ಕಾರಣವನ್ನೇ ಜಾಲಾಡುತ್ತಾರೆ. ಕಾರಣ ಸುಳ್ಳಾದರೆ ಅಲ್ಲಿ ಮುಖ ಕೆಂಪಾಗುತ್ತದೆ; ಬರಿಯ ಅಂಕಕ್ಕೆ ಆ ಅಂಜಿಕೆಯಿಲ್ಲ.

ತಟ್ಟೆಯ ಮೇಲಿನ ಹೆಸರು ಮುಚ್ಚಿಟ್ಟರೆ ಸಾಲದೇ? 1976ರ ಪ್ಯಾರಿಸ್ ಪರೀಕ್ಷೆಯಲ್ಲಿ ಲೇಬಲ್ ಮುಚ್ಚಿದ್ದರಿಂದಲೇ ಫ್ರೆಂಚ್ ರುಚಿಗಾರರು ಕ್ಯಾಲಿಫೋರ್ನಿಯಾದ ವೈನನ್ನು ಮೊದಲ ಸ್ಥಾನಕ್ಕೆ ಏರಿಸಿದ್ದು. ಆದರೆ ಒಂದೇ ಅಂಕಣದಲ್ಲಿ ಅಕ್ಕಪಕ್ಕ ಬೇಯಿಸಿದವರಿಗೆ ಯಾವ ತಟ್ಟೆ ಯಾರದು ಎಂಬುದು ವಾಸನೆಯಲ್ಲೇ ಗೊತ್ತು. ಡೈವಿಂಗ್‌ನಲ್ಲಿ ಏಳು ಮಂದಿಯ ಅಂಕಗಳಲ್ಲಿ ಮೇಲಿನೆರಡು, ಕೆಳಗಿನೆರಡು ಬಿಡುವಂತೆ ಇಲ್ಲೂ ಬಿಡಬಹುದು. ಒಬ್ಬರ ಕುಯುಕ್ತಿ ಆಗ ಸೋಲುತ್ತದೆ, ನಾಲ್ವರದ್ದಾದರೆ ಇಲ್ಲ. ನನಗೆ ಹೆಚ್ಚು ನಂಬಿಕೆ ಬರುವುದು 2000ದಲ್ಲಿ ಅಮೆರಿಕದ ‘ಸರ್ವೈವರ್’ ಹಿಡಿದ ದಾರಿಯಲ್ಲಿ: ಆಟದಿಂದ ಹೊರಬಿದ್ದವರೇ ಕೊನೆಯ ವಿಜೇತರನ್ನು ಆರಿಸಲಿ. ಅವರಲ್ಲಿ ಹಗೆ ಇರುತ್ತದೆ ಎನ್ನುತ್ತಾರೆ. ಇರಲಿ. ಹಗೆ ಒಬ್ಬೊಬ್ಬರಿಗೆ ಒಬ್ಬೊಬ್ಬರ ಮೇಲೆ. ಒಂದರ ಬಾಗು ಇನ್ನೊಂದರಿಂದ ಅಷ್ಟಿಷ್ಟು ನೇರವಾಗುತ್ತದೆ. ಸ್ವಾರ್ಥ ಹಾಗಲ್ಲ, ಅದು ಒಂದೇ ಕಡೆ ವಾಲುತ್ತದೆ.

ಇದೆಲ್ಲ ಬರಿಯ ಮನರಂಜನೆ, ಇಷ್ಟು ಲೆಕ್ಕಾಚಾರ ಏಕೆ ಎನ್ನುವವರು ಬೆಂಗಳೂರಿನ ಹೊರಮಾವಿನಂಥ ಬಡಾವಣೆಯನ್ನು ನೋಡಬೇಕು. ಟಿವಿಯ ಪದ್ಧತಿಗಳು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಅಡುಗೆ ಸ್ಪರ್ಧೆಗೆ ಬರುವುದು ತಡವಾಗುವುದಿಲ್ಲ. ಮಲಯಾಳಿ, ತೆಲುಗು, ತಮಿಳು ಮನೆಗಳು, ಈಶಾನ್ಯದಿಂದ ಬಂದವರು, ಉತ್ತರ ಕರ್ನಾಟಕದವರು ಒಂದೇ ಮೆಟ್ಟಿಲಿಗೆ ಬಾಗಿಲು ತೆರೆಯುವ ಕಡೆ ಸ್ಪರ್ಧಿಗಳೇ ಅಂಕ ಕೊಟ್ಟರೆ ಸ್ವಾರ್ಥದ ಜೊತೆಗೆ ಅಪರಿಚಯವೂ ಸೇರುತ್ತದೆ. ಹುಳಿ ಬರಿಸಿದ ಬಿದಿರಿನ ಮೊಳಕೆಯ ಪಲ್ಯವನ್ನು, ಕಳಲೆ ತಿಂದು ಬೆಳೆದ ಮಲೆನಾಡಿನವರೋ ಕೊಡಗಿನವರೋ ತಕ್ಕಮಟ್ಟಿಗೆ ಅಳೆದಾರು. ಬಯಲುಸೀಮೆಯ ಮೂಗು ಮೊದಲ ತುತ್ತಿಗೇ ಅದನ್ನು ಕೊನೆಯ ಸ್ಥಾನಕ್ಕೆ ಕಳಿಸಬಹುದು, ಪ್ರಾಮಾಣಿಕವಾಗಿಯೇ. ಅಲ್ಲಿಗೆ ದುಬಾರಿ ಶೆಫ್ ಬೇಕಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನಿಂದ, ಒಂದೊಂದು ಅಡುಗೆಯ ಕ್ರಮ ಬಲ್ಲ ನಾಲ್ಕೈದು ಮನೆಯವರನ್ನು ಕರೆದರೆ ಸಾಕು. ಅವರ ಸ್ಪರ್ಧೆಗೆ ಇವರು ಹೋಗಲಿ. ಸ್ಪರ್ಧಿಗಳು ಒಬ್ಬರದನ್ನೊಬ್ಬರು ತಿಂದು, ಎಲ್ಲಿ ಕೆಟ್ಟಿತು, ಎಲ್ಲಿ ಕೂಡಿಬಂತು ಎಂದು ಮೈಕಿನಲ್ಲಿ ಹೇಳಲಿ, ತೀರ್ಪುಗಾರರು ಕೇಳಿಸಿಕೊಳ್ಳಲಿ. ಅಂಕದ ಹಾಳೆ ಮಾತ್ರ ಸ್ಪರ್ಧಿಗಳ ಮುಂದೆ ಇಡುವುದು ಬೇಡ.