ಸಡಿಲಿದ ಹಲ್ಲು ಮತ್ತು ರೋಗಿಯ ಅರಿವು

ವಸಡಿನಲ್ಲಿ ರಕ್ತ ಕಂಡರೆ ‘ಉಷ್ಣವಾಗಿದೆ’ ಎಂದು ಸುಮ್ಮನಾಗುವುದು, ಹಲ್ಲು ಅಲುಗಾಡತೊಡಗಿದರೆ ಕೀಳಿಸಿಬಿಡುವುದು ನಮ್ಮಲ್ಲಿ ಬಹುಕಾಲದ ರೂಢಿ. ಖಾಸಬಾಗದ ನೇಕಾರರ ಓಣಿಗಳೂ ಇದಕ್ಕೆ ಹೊರತಲ್ಲ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಮಹಾವಿದ್ಯಾಲಯವು 1985ರಲ್ಲಿಯೇ ಆರಂಭವಾಗಿದ್ದರೂ, ಅಲುಗಾಡುವ ಹಲ್ಲನ್ನು ಕೆಲವೊಮ್ಮೆ ಉಳಿಸಿಕೊಳ್ಳಬಹುದೆಂಬ ಸಂಗತಿ ಇನ್ನೂ ಅನೇಕರಿಗೆ ತಿಳಿದಿಲ್ಲ.

ಹಲ್ಲು ಕೇವಲ ವಸಡಿನ ಬಲದಿಂದ ನಿಂತಿಲ್ಲ. ದವಡೆಯ ಎಲುಬು ಅದರ ಬೇರನ್ನು ಹಿಡಿದಿದೆ. ಹಲ್ಲಿಗಂಟಿದ ಕೊಳೆಯಲ್ಲಿನ ಸೂಕ್ಷ್ಮಜೀವಿಗಳಿಂದ ವಸಡು ಬಾತು, ರೋಗವು ಆಳಕ್ಕಿಳಿದಾಗ ಈ ಎಲುಬು ಕರಗುತ್ತದೆ. ವೈದ್ಯರು ಮೊದಲು ಬೇರಿನವರೆಗೂ ಶುಚಿಗೊಳಿಸುತ್ತಾರೆ. ಅಷ್ಟರಿಂದ ಗುಣವಾಗದಿದ್ದರೆ, ತಕ್ಕ ರೋಗಿಗಳಲ್ಲಿ ವಸಡನ್ನು ಬಿಡಿಸಿ, ಎಲುಬಿನ ಕುಳಿಯಲ್ಲಿ ರಂಧ್ರಮಯವಾದ ಪುಡಿಯನ್ನು ತುಂಬುತ್ತಾರೆ. ಇದೇ ಎಲುಬಿನ ಕಸಿ. ಆ ಸೂಕ್ಷ್ಮ ರಂಧ್ರಗಳೊಳಗೆ ರಕ್ತನಾಳಗಳೂ ಎಲುಬಿನ ಜೀವಕೋಶಗಳೂ ಪ್ರವೇಶಿಸುತ್ತವೆ. ನೇಕಾರನ ಮಾತಿನಲ್ಲಿ ಹೇಳುವುದಾದರೆ, ಪುಡಿಯು ಹಾಸು ಮಾತ್ರ. ಹೊಕ್ಕನ್ನು ಹಾಕಬೇಕಾದುದು ದೇಹವೇ. ಸುತ್ತಲೂ ಎಲುಬಿನ ಗೋಡೆಯುಳ್ಳ ಕುಳಿಯಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಎಲ್ಲೆಡೆ ಸಮನಾಗಿ ಸವೆದ ಎಲುಬನ್ನು ಮೇಲೆತ್ತಲಾರದು. ತಂಬಾಕು ಬಿಡದವರಲ್ಲಿ ಫಲ ಕಡಿಮೆ.

ಆದರೆ ಈ ಪುಡಿ ಎಲ್ಲಿಯದು? ರೋಗಿಯ ಸ್ವಂತ ಎಲುಬು ಇರಬಹುದು. ದಾನವಾಗಿ ಬಂದ ಮಾನವ ಎಲುಬು, ಸಂಸ್ಕರಿಸಿದ ದನದ ಎಲುಬು, ಹವಳ ಅಥವಾ ಕೃತಕವಾದ ಕ್ಯಾಲ್ಸಿಯಂ ಫಾಸ್ಫೇಟ್ ಇರಬಹುದು. ಮೇಲೆ ಹೊದಿಸುವ ಪೊರೆಯೂ ಎಷ್ಟೋ ಸಲ ದನ ಅಥವಾ ಹಂದಿಯ ಅಂಗಾಂಶದಿಂದ ಬಂದುದು. ಆಹಾರದಲ್ಲಿ ಕಟ್ಟುನಿಟ್ಟಾಗಿ ಅಹಿಂಸೆಯನ್ನು ಪಾಲಿಸುವ ಹಿರಿಯರೊಬ್ಬರು, ತಮಗೆ ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿ ಇದನ್ನು ಬಾಯಲ್ಲಿ ಧರಿಸುವಂತಾಗುವುದು ನ್ಯಾಯವೇ?

‘ಎಲ್ಲವನ್ನೂ ಹೇಳಿದರೆ ರೋಗಿ ಹೆದರಿ ಹೋಗುತ್ತಾನೆ’ ಎಂಬ ವಾದವುಂಟು. ನಾನದನ್ನು ಒಪ್ಪಲಾರೆ. ಪ್ರಾಣಿಮೂಲದ ವಸ್ತು ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ; ತಿಳಿದು ಒಪ್ಪುವವರು ಒಪ್ಪಲಿ. ಒಪ್ಪದವರಿಗೆ ಕೃತಕ ವಸ್ತುವಿನ ದಾರಿಯಿದೆ. ಮೂಲ, ಫಲ, ಮಿತಿ, ವೆಚ್ಚ ಈ ನಾಲ್ಕನ್ನೂ ಕನ್ನಡದಲ್ಲಿ ತಿಳಿಸುವುದು ವೈದ್ಯನ ಕಾಯಕದ ಭಾಗವೇ ಆಗಿದೆ. ಅರಿವಿಲ್ಲದ ಒಪ್ಪಿಗೆ ಒಪ್ಪಿಗೆಯಲ್ಲ.

ಕೇಳುವ ಧೈರ್ಯವನ್ನು ಕಲಿಸಬೇಕಾದುದು ಶಾಲೆ. ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಲಿ. ದಿನಕ್ಕೆರಡು ಬಾರಿ ಹಲ್ಲುಜ್ಜಿ, ವಸಡಿನ ಮೊದಲ ರಕ್ತಬಿಂದುವನ್ನೇ ಎಚ್ಚರಿಕೆಯೆಂದು ತಿಳಿದರೆ, ಅವರ ಪಾಲಿಗೆ ಆ ಪ್ರಶ್ನೆಗಳ ಅಗತ್ಯವೇ ಬಾರದಿರಬಹುದು.